ಮುನವ್ವರ್ ಬೀ ತೀರಿಸಬೇಕಾದ ಮುಯ್ಯಿ

ಮುನವ್ವರ್ ಬೀ ಗೋಪಮ್ಮನಿಗೆ ಒಂದು ದಿನದ ದುಡಿಮೆ ಕೊಡಬೇಕು. ಇನ್ನೂ ಪೂರ್ತಿ ಕೊಟ್ಟಿಲ್ಲ. ಹಣ ಕೊಟ್ಟರೆ ತೀರುವ ಸಾಲವಲ್ಲ ಇದು, ಮುಯ್ಯಿ: ಇವತ್ತು ನಿನ್ನ ಹೊಲದಲ್ಲಿ ನಾನು ಬಗ್ಗಿದರೆ, ನಾಳೆ ನನ್ನ ಹೊಲದಲ್ಲಿ ನೀನು ಬಗ್ಗಬೇಕು. ತೊಡಕೆಂದರೆ ಗೋಪಮ್ಮನಿಗೆ ಹೊಲವೇ ಇಲ್ಲ.

ಗೋಪಮ್ಮ ಪೋತ್ನಾಳದವಳು. ಬುದ್ಧಿ ಬಂದಾಗಿನಿಂದ ಬೇರೆಯವರ ಗದ್ದೆಯಲ್ಲಿ ಕಳೆ ಕಿತ್ತವಳು. ಕೂಲಿ ಹೆಚ್ಚಿಸಿ ಎಂದು ನಾವು ಕೂಲಿಕಾರರ ಸಂಘದವರು ಮಾನ್ವಿಯ ತಹಶೀಲ್ದಾರ್ ಕಚೇರಿ ಮುಂದೆ ಧರಣಿ ಕೂತಾಗ ಘೋಷಣೆ ಕೂಗುತ್ತಲೇ ಕಚೇರಿ ಅಂಗಳದ ಹುಲ್ಲು ಕಿತ್ತು ಗುಡ್ಡೆ ಹಾಕಿದ್ದಳು. ಅಂಗಳ ಸ್ವಚ್ಛವಾಯಿತು. ಕೂಲಿ ಹೆಚ್ಚಲಿಲ್ಲ. ಸಂತೆಯಲ್ಲಿ ಬಳೆ ಮಾರುವ ಮುನವ್ವರ್ ಬೀ ಅಲ್ಲಿಗೂ ಬಳೆ ಮಾರಲು ಬಂದು, ಗೋಪಮ್ಮನ ಪಕ್ಕ ಕೂತಳು. ಗೆಳೆತನ ಅಲ್ಲಿಂದ.

ರಾಯಚೂರಿನ ಶಾಲಾ ಶಿಕ್ಷಕಿ ವಿಶಾಖಾ ಇಬ್ಬರನ್ನೂ ಬಯಲು ನಾಟಕಕ್ಕೆ ಕರೆದಳು. ಕಥೆ ಇಷ್ಟೇ: ಕಳೆ ತೆಗೆಯುವ ಇಬ್ಬರು ಗೆಳತಿಯರು ಒಂದು ದಿನ ಕೆಲಸ ಬಿಟ್ಟು ಹೊಲದಲ್ಲಿ ಕೂರುತ್ತಾರೆ, ಸುತ್ತಲಿನ ಗಿಡ, ಹುಳ, ಹಕ್ಕಿ ಮೊದಲ ಸಲ ಅವರ ಕಣ್ಣಿಗೆ ಬೀಳುತ್ತವೆ. ಗೋಪಮ್ಮನಿಗೆ ಈ ಪಾತ್ರ ಬೇಕೇ ಬೇಕಿತ್ತು. ಹೊಲದಲ್ಲಿ ಬೈಸಿಕೊಳ್ಳದೆ ಕೂತದ್ದು ಆಕೆಗೆ ನೆನಪಿಲ್ಲ.

ತಾಲೀಮು ನಡೆದದ್ದು ಶಾಲೆಯ ಸಿಮೆಂಟ್ ಅಂಗಳದಲ್ಲಿ. ಮೊದಲ ಆಟ ಮಾತ್ರ ಮುನವ್ವರ್ ಬೀ ಮನೆಯ ಹಿಂದಿನ ಖಾಲಿ ಜಾಗದಲ್ಲಿ. ಮಳೆ ಶುರುವಾದಾಗಿನಿಂದ ವಿಶಾಖಾ ಅಲ್ಲಿ ಕುಡುಗೋಲು ಆಡಿಸಲು ಬಿಟ್ಟಿರಲಿಲ್ಲ. ತುಂಬೆ, ಉತ್ತರಾಣಿ, ಕರಿಕೆ ಹುಲ್ಲು ಮೊಣಕಾಲೆತ್ತರ ಬೆಳೆದಿದ್ದವು. ಅದೇ ರಂಗಸಜ್ಜಿಕೆ. ಇದನ್ನು ಗೋಪಮ್ಮನಿಗೆ ಯಾರೂ ಹೇಳಿರಲಿಲ್ಲ. ಆಟದ ದಿನ ಆಕೆ ಮುಂಜಾನೆಯ ಬಸ್ಸಿಗೇ ಬಂದಳು. ಮುನವ್ವರ್ ಬೀ ಬಳೆ ಮಾರಲು ಸಂತೆಗೆ ಹೋಗಿದ್ದಳು. ಸಂಜೆ ವಿಶಾಖಾ ಬಂದಾಗ ನೆಲ ಅಂಗೈಯಂತಿತ್ತು. ಕಳೆಯ ಹೊರೆಗಳು ಗೋಡೆಗೆ ಒರಗಿದ್ದವು.

"ಮಂದಿ ಬರೋರಿದ್ರು. ಗೆಳತಿ ಮನಿ ಹಿಂದ ಅಷ್ಟು ಕಳಿ ಇದ್ರ ಏನಂದಾರು?" ಎಂದಳು ಗೋಪಮ್ಮ.

ಆಟ ನಿಂತಿತು. ಕಳೆ ಕಂಡರೆ ಕೈ ತಡೆಯದವಳು ಕಳೆಯ ನಡುವೆ ಹೇಗೆ ಕೂತಾಳು, ಬೇರೆಯವರನ್ನು ಹುಡುಕುತ್ತೇನೆ ಎಂದಳು ವಿಶಾಖಾ. ಮುನವ್ವರ್ ಬೀ ಜಗಳಕ್ಕೆ ನಿಂತಳು. ನನ್ನ ಜಾಗದ ಕಳೆ ತೆಗೆದಿದ್ದಾಳೆ, ನಾನು ಮುಯ್ಯಿ ತೀರಿಸಬೇಕು ಎಂದಳು. ಹೊಲವಿಲ್ಲದವಳಿಗೆ ಹೇಗೆ ತೀರಿಸುತ್ತಿ ಎಂದು ವಿಶಾಖಾ ಕೇಳಿದ್ದಕ್ಕೆ ಗೋಪಮ್ಮನೇ ಉತ್ತರ ಕೊಟ್ಟಳು.

"ನನ್ನ ಕೂಡ ಒಂದಿನ ಸುಮ್ಮ ಕುಂದ್ರು. ತೀರ್ತದ."

ವಿಶಾಖಾ ಇನ್ನೊಂದು ಆಟಕ್ಕೆ ಒಪ್ಪಿದಳು. ಅದು ದೇವದುರ್ಗದ ಹೊರಗೆ, ಬೀಳುಬಿದ್ದ ಹೊಲದಲ್ಲಿ ನಡೆಯಿತು. ಇಬ್ಬರೂ ಕೂತರು. ಬೈಕಿನ ಮೇಲೆ ಕೂತು ನೋಡುತ್ತಿದ್ದ ಜಮೀನುದಾರನೊಬ್ಬ ರೂಢಿಯಂತೆ ಕೂಗಿದ: "ಏ, ಎಷ್ಟೊತ್ತು ಕುಂದ್ರತೀರಿ? ಕೈ ಆಡಸ್ರಿ."

ಗೋಪಮ್ಮನ ಕೈ ಕರಿಕೆಗೆ ಹೋಯಿತು. ಮುನವ್ವರ್ ಬೀ ಆಕೆಯ ಮಣಿಕಟ್ಟು ಹಿಡಿದಳು. ನಾಟಕದಲ್ಲಿ ಇದಿರಲಿಲ್ಲ.

"ಸುಮ್ಮ ಕುಂದ್ರು ಬೇ. ನನ್ನ ಮುಯ್ಯಿ ಕೆಡಿಸಬ್ಯಾಡ."

ಗೋಪಮ್ಮ ಕೈಯನ್ನು ಮಡಿಲಿಗೆ ಎಳೆದುಕೊಂಡು ಬೈಕಿನ ಕಡೆ ತಿರುಗಿದಳು. "ಇವತ್ತು ನಾ ನಿಮ್ಮ ಆಳಲ್ರಿ. ನೋಡಾಕ ಬಂದೀರಿ, ನೋಡ್ರಿ."

ಆತ ನೋಡಿದ. ಗುಬ್ಬಿಯೊಂದು ಇಬ್ಬರ ನಡುವೆ ಇಳಿದು ಹುಲ್ಲಿನ ಬೀಜ ಹೆಕ್ಕಿತು. ಅದಕ್ಕೆ ವಿಶಾಖಾ ಏನೂ ಕಲಿಸಿರಲಿಲ್ಲ.

ಆಟ ಅರ್ಧ ತಾಸಿನದು. ಇಡೀ ದಿನದ ಮುಯ್ಯಿ ಅರ್ಧ ತಾಸಿಗೆ ತೀರುವುದಿಲ್ಲ ಎಂದು ಗೋಪಮ್ಮ ಪಟ್ಟು ಹಿಡಿದಿದ್ದಾಳೆ. ಹಾಗಾಗಿ ಮುಂದಿನ ಆಟ ಬೆಳಗಿನಿಂದ ಸಂಜೆಯವರೆಗೆ. ಜಾಗಕ್ಕಾಗಿ ಹಿರೇಕೊಟ್ನೆಕಲ್‌ನಲ್ಲೂ ಕಲ್ಮಲದಲ್ಲೂ ಕೇಳಿದೆವು. ಕಳೆ ಬಿಟ್ಟರೆ ಮರ್ಯಾದೆ ಹೋಗುತ್ತದೆ ಎಂದರು ಹೊಲದವರು. ಕಳೆ ಕಿತ್ತವಳಿಗೆ ಕೂರಲು ಜಾಗ ಕೊಡದಿದ್ದರೆ ಮರ್ಯಾದೆ ಉಳಿಯುತ್ತದೆಯಂತೆ.

ಓದುತ್ತಿರುವ ನಿಮಗೆ ಹೊಲವಿದ್ದರೆ ಅದರ ಒಂದು ಮೂಲೆ ಬಿಡಿ. ಔಷಧಿ ಹೊಡೆಯಬೇಡಿ, ಆಳು ಹಚ್ಚಬೇಡಿ. ಗೋಪಮ್ಮ ಬಂದು ಕೂತಾಗ ಬದುವಿನ ಮೇಲೆ ನಿಂತು ಕೂಗಬೇಡಿ. ಯಾವ ಮೂಲೆ ಕೊಡುತ್ತೀರಿ, ಹೇಳಿ.