ನಾನು ಬಿಟ್ಟ ತಾಳ, ಶಿವು ಹೊತ್ತ ತಪ್ಪು

ಅಂದು ಬಸವನಗುಡಿಯ ಆ ಸಭಾಂಗಣದಲ್ಲಿ, ತುಂಬಿದ ಜನರ ಮುಂದೆ, ತಾಳ ಬಿಟ್ಟವನು ನಾನು. ಶಿವು ಅಲ್ಲ. ಇಷ್ಟು ಬರೆಯಲು ನನಗೆ ಇಪ್ಪತ್ತೆರಡು ವರ್ಷ ಬೇಕಾಯಿತು. ನಾಲಿಗೆ ಬಿದ್ದುಹೋಗಿರಲಿಲ್ಲ, ಕೈ ಸೇದಿಹೋಗಿರಲಿಲ್ಲ. ಹೇಳದೆ ಇದ್ದರೆ ನನಗೆ ಅನುಕೂಲವಿತ್ತು — ಹೇಳಲಿಲ್ಲ. ಬೇರೆ ಕಾರಣ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ನಾನು ಮೃದಂಗ ನುಡಿಸುವವನು. ಚಾಮರಾಜಪೇಟೆಯ ನಮ್ಮ ಮನೆಯ ಹಜಾರದಲ್ಲಿ ಈಗಲೂ ಬೆಳಿಗ್ಗೆ ಆರಕ್ಕೆ ಪಾಠ ಶುರುವಾಗುತ್ತದೆ. ಹೆಸರಿನ ಹಿಂದೆ ಒಂದು ಬಿರುದಿದೆ, ಆಹ್ವಾನಪತ್ರಿಕೆಗಳಲ್ಲಿ ತಪ್ಪದೆ ಅಚ್ಚಾಗುತ್ತದೆ. ಶಿವು, ಅಂದರೆ ಶಿವಪ್ರಸಾದ, ನಮ್ಮ ಮನೆಯಿಂದ ಮೂರನೆಯ ರಸ್ತೆಯವನು, ನನ್ನ ಸಹಪಾಠಿ. ಅವನ ತಂದೆ ಸಿದ್ದಪ್ಪನವರಿಗೆ ಚಿಕ್ಕಪೇಟೆಯಲ್ಲಿ ಸೀರೆಯ ಸಗಟು ಅಂಗಡಿ. ಶಿವು ಹಗಲು ಅಂಗಡಿಯಲ್ಲಿ ಸೀರೆ ಮಡಿಸುತ್ತಿದ್ದ, ಉಳಿದ ಹೊತ್ತು ಡ್ರಮ್ಸ್ ನುಡಿಸುತ್ತಿದ್ದ.

ಅವನ ವಾದನದ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಅದನ್ನು ಹೇಳುವವರು ಈ ಪೇಟೆಯಲ್ಲಿ ಯಾರೂ ಇಲ್ಲ, ಹೇಳಬೇಕಾಗಿದ್ದ ನಾನು ಬಾಯಿ ಹೊಲಿದುಕೊಂಡಿದ್ದೆ. ಶನಿವಾರ ಅವನು ರಾಕ್ ನುಡಿಸುತ್ತಿದ್ದ. ಕಾಲಿನ ಪೆಡಲ್ ಒತ್ತಿದರೆ ದೊಡ್ಡ ಡ್ರಮ್ಮಿನ ಪೆಟ್ಟು ನಮ್ಮ ಹೊಟ್ಟೆಯೊಳಗೆ ಬೀಳುತ್ತಿತ್ತು. ಆದರೂ ಹಾಡುವವನ ಒಂದು ಪದವೂ ಮುಳುಗುತ್ತಿರಲಿಲ್ಲ. ಬಲ ಎಂದರೆ ಗದ್ದಲ ಅಲ್ಲ ಎಂಬುದು ಅವನಿಗೆ ಗೊತ್ತಿತ್ತು. ಭಾನುವಾರ ಮಧ್ಯಾಹ್ನ ಒಂದು ಹೋಟೆಲಿನಲ್ಲಿ ಜಾಝ್. ಅಲ್ಲಿ ಅವನು ಬೇರೆಯೇ ಮನುಷ್ಯ. ಕೋಲು ಹಿಡಿಯುವ ಬಗೆಯೇ ಬೇರೆ, ಕೂರುವ ಬಗೆಯೇ ಬೇರೆ. ಬಲಗೈ ಸಿಂಬಲ್ ಎಂಬ ಕಂಚಿನ ತಟ್ಟೆಯ ಮೇಲೆ ಸುಮ್ಮನೆ ನಡೆಯುತ್ತಿದ್ದರೆ, ಎಡಗೈ ಕೇಳಿಯೂ ಕೇಳದಷ್ಟು ಮೆಲ್ಲಗೆ ಒಳಗೊಳಗೇ ಏನೋ ಮಾತಾಡುತ್ತಿರುತ್ತಿತ್ತು. ಎಣಿಕೆಗಿಂತ ಕೂದಲೆಳೆಯಷ್ಟು ಹಿಂದೆ ಬೀಳುತ್ತಿತ್ತು ಅವನ ಪೆಟ್ಟು. ಮೊದಲ ಸಲ ಕೇಳಿದಾಗ ನಾನು, ಮೃದಂಗದ ಮಹಾಪಂಡಿತ, 'ಇವನು ಎಳೆಯುತ್ತಾನೆ' ಅಂದುಕೊಂಡಿದ್ದೆ. ಎಳೆತವಲ್ಲ ಅದು. ಅವಸರವಿಲ್ಲದ ಮನುಷ್ಯ ನಡೆಯುವ ರೀತಿ. ವೇಗ ಒಂದಿಷ್ಟೂ ಇಳಿಯುತ್ತಿರಲಿಲ್ಲ, ಆದರೆ ಕೇಳುವವರ ಭುಜ ತಾನಾಗಿ ಸಡಿಲವಾಗುತ್ತಿತ್ತು. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಆರು ತಿಂಗಳು ಹಿಡಿಯಿತು. ನಮ್ಮ ಎಷ್ಟೋ ಜನ ವಿದ್ವಾಂಸರಿಗೆ ಇನ್ನೂ ಅರ್ಥವಾಗಿಲ್ಲ.

ಅಭ್ಯಾಸಕ್ಕೆ ನಮ್ಮ ಮನೆಗೆ ಬರುವಾಗ, ಅಕ್ಕಪಕ್ಕದವರಿಗೆ ತೊಂದರೆ ಬೇಡವೆಂದು, ಡ್ರಮ್ಸ್ ಬದಲು ಅಂಗಡಿಯಿಂದ ಒಂದು ಖಾಲಿ ಸೀರೆಪೆಟ್ಟಿಗೆ ತರುತ್ತಿದ್ದ. ರಟ್ಟಿನ ಆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ತಂತಿಯ ಕುಂಚದಿಂದ ಸವರುತ್ತಾ ನನ್ನ ಜೊತೆ ನುಡಿಸುತ್ತಿದ್ದ. ನಮ್ಮಮ್ಮ ಅಡುಗೆಮನೆಯಲ್ಲಿ ಕೆಲಸ ನಿಲ್ಲಿಸಿ ಕೇಳುತ್ತಿದ್ದರು. ನನ್ನ ಮೃದಂಗಕ್ಕೆ ಅವರು ಯಾವತ್ತೂ ಕೆಲಸ ನಿಲ್ಲಿಸಿದವರಲ್ಲ.

ನಾವು ನಾಲ್ವರು ಸೇರಿದ್ದೆವು — ಪಿಟೀಲು, ಬೇಸ್ ಗಿಟಾರ್, ಮೃದಂಗ, ಡ್ರಮ್ಸ್. ಬಸವನಗುಡಿಯ ಒಂದು ಹಳೆಯ ಸಂಗೀತ ಸಭೆಯವರು, ಬಹಳ ಗೊಣಗಿಕೊಂಡು, ನಮಗೊಂದು ಸಂಜೆ ಕೊಟ್ಟರು. ಆ ಸಭೆಯ ವೇದಿಕೆ ಹತ್ತಿದ ಮೊದಲ ಡ್ರಮ್ಸ್ ಅದು. ಶಿವು ಅಂದು ತಂದೆಯನ್ನು ಕರೆದುಕೊಂಡು ಬಂದಿದ್ದ. ಮಗ ಮಾಡುವುದನ್ನು 'ಡಬ್ಬ ಬಡಿಯೋದು' ಎಂದೇ ಕರೆಯುತ್ತಿದ್ದ ಸಿದ್ದಪ್ಪನವರು, ವಿದ್ವಾಂಸರು ಕೂತು ಕೇಳುವ ಜಾಗ ಎಂದು ಗೊತ್ತಾಗಿ, ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ ಎರಡನೆಯ ಸಾಲಿನಲ್ಲಿ ಕೂತಿದ್ದರು. ಮೊದಲ ಸಾಲಿನಲ್ಲಿ ನನ್ನ ಗುರುಗಳು — ನಾವೆಲ್ಲ ಮೇಷ್ಟ್ರು ಅನ್ನುತ್ತೇವೆ — ಮತ್ತು ಅವರ ವಯಸ್ಸಿನ ನಾಲ್ಕು ಜನ. ಆ ಸಾಲಿನ ಪದ್ಧತಿ ಈ ಊರಿನವರಿಗೆ ಗೊತ್ತು. ಅವರು ಸುಮ್ಮನೆ ಕೇಳುವವರಲ್ಲ. ತೊಡೆಯ ಮೇಲೆ ಕೈ ಹಾಕುತ್ತಾ ಮೊದಲಿಂದ ಕೊನೆಯವರೆಗೆ ತಾಳ ಎಣಿಸುತ್ತಾರೆ. ವೇದಿಕೆಯ ಮೇಲಿನವರು ಸರಿಯೋ ತಪ್ಪೋ ಅನ್ನುವುದನ್ನು ತೀರ್ಮಾನಿಸುವುದು ಆ ಐದು ಕೈಗಳು.

ಪಿಟೀಲು, ಗಿಟಾರ್ ನಿಲ್ಲಿಸಿ ಶಿವುಗೂ ನನಗೂ ಬಿಟ್ಟುಕೊಡುವ ಹೊತ್ತು ಬಂತು. ಇಪ್ಪತ್ತು ನಿಮಿಷ ಚೆನ್ನಾಗಿ ನಡೆಯಿತು. ಕೊನೆಗೆ ಮುಕ್ತಾಯ — ಒಂದೇ ನುಡಿಯನ್ನು ಮೂರು ಸಲ ಇಬ್ಬರೂ ಒಟ್ಟಿಗೆ ನುಡಿಸಿ, ತಾಳದ ಮೊದಲ ಪೆಟ್ಟಿನ ಮೇಲೆ ಬಂದು ಇಳಿಯಬೇಕು. ಪಿಟೀಲು, ಗಿಟಾರ್ ಮತ್ತೆ ಸೇರಿಕೊಳ್ಳುವುದೂ ಅಲ್ಲೇ. ಒಂದು ಸಲಕ್ಕೂ ಇನ್ನೊಂದಕ್ಕೂ ನಡುವೆ ಎರಡು ಎಣಿಕೆಯ ಬಿಡುವು. ಚಪ್ಪಾಳೆ ಆಗಲೇ ಶುರುವಾಗಿತ್ತು. ನನಗೆ ಅದರ ಅಮಲು ಏರಿತ್ತು. ಮೊದಲ ಬಿಡುವಿನಲ್ಲಿ ನಾನು ಪೂರ್ತಿ ಕಾಯಲಿಲ್ಲ, ಅರ್ಧ ಎಣಿಕೆ ನುಂಗಿ ಮುನ್ನುಗ್ಗಿಬಿಟ್ಟೆ.

ಶಿವುಗೆ ತಕ್ಷಣ ಗೊತ್ತಾಯಿತು. ಅವನ ಕಣ್ಣು ಒಮ್ಮೆ ನನ್ನ ಕಡೆ ಹೊರಳಿತು, ಅಷ್ಟೇ. ಅವನು ಸರಿಯಾದ ಎಣಿಕೆಯಲ್ಲೇ ಉಳಿಯಬಹುದಿತ್ತು — ಉಳಿದಿದ್ದರೆ ಮಿಕ್ಕ ಇಬ್ಬರೂ ಅವನ ಜೊತೆ ಸರಿಯಾಗಿ ಇಳಿದು, ನಾನೊಬ್ಬನೇ ಬೀದಿಗೆ ಬೀಳುತ್ತಿದ್ದೆ. ಅವನು ನನ್ನ ಕಡೆಗೆ ಬಂದ. ಕಣ್ಣು ಮಿಟುಕಿಸುವಷ್ಟರಲ್ಲಿ ಕೋಲಿನ ಒಂದು ಸಣ್ಣ ಉರುಳುಪೆಟ್ಟಿನಿಂದ ಆ ಅರ್ಧ ಎಣಿಕೆಯ ಹಳ್ಳವನ್ನು ಮುಚ್ಚಿದ, ಎಡಗೈಯ ಕೋಲೆತ್ತಿ ಪಿಟೀಲಿನವರಿಗೂ ಗಿಟಾರಿನವನಿಗೂ ಸನ್ನೆ ಮಾಡಿದ, ಕೊನೆಯಲ್ಲಿ ದೊಡ್ಡ ತಟ್ಟೆಯ ಮೇಲೊಂದು ಪೆಟ್ಟು ಕೊಟ್ಟು ನಾಲ್ವರನ್ನೂ ನಾನಿದ್ದಲ್ಲಿಗೆ ಎಳೆದು ತಂದ. ಜಾಝ್‌ನವರ ಧರ್ಮ ಅದು — ಜೊತೆಗಾರ ಎಡವಿದರೆ ಎಣಿಕೆಯನ್ನೇ ಅವನ ಕಾಲಡಿಗೆ ತಂದಿಡುವುದು. ನಾನು ಜೀವನದಲ್ಲಿ ಕೇಳಿದ ಅತ್ಯಂತ ದೊಡ್ಡ ವಾದನ ಆ ನಾಲ್ಕು ಸೆಕೆಂಡು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೊದಲ ಸಾಲಿನ ಐದು ಕೈಗಳು ಮಾತ್ರ ಇನ್ನೂ ಗಾಳಿಯಲ್ಲಿದ್ದವು — ಅವರ ಎಣಿಕೆಯಲ್ಲಿ ಇನ್ನೂ ಅರ್ಧ ಬಾಕಿಯಿತ್ತು.

ಎಲ್ಲರನ್ನೂ ಎಳೆದ ಪೆಟ್ಟು ಅವನದು, ಸನ್ನೆ ಅವನದು. ಹಾಗಾಗಿ ತಪ್ಪೂ ಅವನದೇ ಎಂದು ಕಂಡಿತು.

ವೇದಿಕೆಯ ಹಿಂದಿನ ಕೋಣೆಗೆ ಮೇಷ್ಟ್ರು ಬಂದರು, ಜೊತೆಗೆ ಸಭೆಯ ಪದಾಧಿಕಾರಿಗಳು. ಮಗನನ್ನು ಹುಡುಕಿಕೊಂಡು ಬಂದ ಸಿದ್ದಪ್ಪನವರು ಬಾಗಿಲಲ್ಲಿ ನಿಂತಿದ್ದರು. ಶಿವು ಮೂಲೆಯಲ್ಲಿ ತಟ್ಟೆಗಳ ತಿರುಪು ಬಿಚ್ಚುತ್ತಿದ್ದ.

"ಯಾರಪ್ಪ ತಾಳ ಬಿಟ್ಟಿದ್ದು?" ಎಂದರು ಮೇಷ್ಟ್ರು.

ನಾನು ಹೇಳಿದೆ — ಒಂದು ಕ್ಷಣವೂ ತಡವರಿಸಲಿಲ್ಲ, ಅದೇ ನನಗೆ ಇಂದಿಗೂ — ನಾನು ಹೇಳಿದೆ, "ಡ್ರಮ್ಸ್ ಅಲ್ವಾ ಸಾರ್, ಅವರಿಗೆ ಈ ಲೆಕ್ಕ ಎಲ್ಲ ಹೊಸದು."

ಕೋಣೆಯಲ್ಲಿ ಎಲ್ಲರೂ ಶಿವುನತ್ತ ನೋಡಿದರು. ಅವನು ನನ್ನನ್ನು ನೋಡಿದ. ಆಮೇಲೆ ತಿರುಪು ಬಿಚ್ಚುತ್ತಲೇ, "ಹೌದು ಸಾರ್, ಸ್ವಲ್ಪ ಜಾರ್ತು" ಎಂದ.

ಪದಾಧಿಕಾರಿಗಳಲ್ಲೊಬ್ಬರು ನಕ್ಕು, "ಸೀರೆ ಅಳೆಯೋ ಕೈಗೆ ಲಯ ಎಲ್ಲಿಂದ ಬರ್ಬೇಕು ಬಿಡಿ" ಎಂದರು. ಸಿದ್ದಪ್ಪನವರು ಬಾಗಿಲಿಂದ ಹಾಗೇ ತಿರುಗಿ ಹೋದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಬರೆಯ ಕಬ್ಬಿಣ ಕಾಯಿಸಿ ಕೊಟ್ಟ ಎತ್ತು ನಾನೇ.

ಮುಂದಿನ ವರ್ಷ ಅದೇ ಸಭೆ ನನ್ನನ್ನು ಕರೆಯಿತು, 'ಡ್ರಮ್ಸ್ ಬೇಡ' ಎಂಬ ಷರತ್ತಿನೊಡನೆ. ಹೋದೆ. ಮೂರನೆಯ ವರ್ಷ ಬಿರುದು ಕೊಟ್ಟಿತು. ತೆಗೆದುಕೊಂಡೆ. ಮಲ್ಲೇಶ್ವರದಿಂದ ಬಸವನಗುಡಿಯವರೆಗೆ 'ಅವನಾ, ತಾಳ ಕೆಡಿಸ್ತಾನೆ' ಎಂಬ ಮಾತು ಹಬ್ಬಿತು. ನಮ್ಮ ಕಡೆಯ ಯಾವ ವೇದಿಕೆಗೂ ಶಿವುವನ್ನು ಮತ್ತೆ ಯಾರೂ ಕರೆಯಲಿಲ್ಲ. ಅವನು ತನ್ನ ಶನಿವಾರ, ತನ್ನ ಭಾನುವಾರ ನುಡಿಸುತ್ತಾ ಉಳಿದ. ರಸ್ತೆಯಲ್ಲಿ ಸಿಕ್ಕರೆ, "ಏನ್ ಗುರು, ಆರಾಮಾ?" ಎನ್ನುತ್ತಿದ್ದ. ಅದಕ್ಕೂ ನನಗೆ ಸಿಟ್ಟು ಬರುತ್ತಿತ್ತು. ಕೆನ್ನೆಗೆ ಬಾರಿಸಿದ್ದರೆ ಬದುಕಿಕೊಳ್ಳುತ್ತಿದ್ದೆ. ಸಿದ್ದಪ್ಪನವರು ತೀರಿಕೊಂಡು ಒಂಬತ್ತು ವರ್ಷವಾಯಿತು. ಮಗನ ವಾದನ ಕೇಳಲು ಅವರು ಮತ್ತೆಂದೂ ಹೋಗಲಿಲ್ಲ.

ಈಗ ಬರೆಯಲು ಏನಾಯಿತು ಎಂದರೆ — ಹೋದ ತಿಂಗಳು ಅದೇ ಸಭಾಂಗಣದಲ್ಲಿ ಲಯದ ಬಗ್ಗೆ ಒಂದು ಉಪನ್ಯಾಸ. ನಾನು ಅಧ್ಯಕ್ಷ. ಮೂವತ್ತರ ಹರೆಯದ ಉಪನ್ಯಾಸಕ ಎಲ್ಲಿಂದಲೋ ಆ ಸಂಜೆಯ ವೀಡಿಯೊ ಸಂಪಾದಿಸಿದ್ದ. ಪರದೆಯ ಮೇಲೆ ನಮ್ಮ ಮುಕ್ತಾಯ ಓಡಿತು, ಶಿವುವಿನ ಕೋಲು ಮೇಲೆದ್ದಲ್ಲಿ ನಿಲ್ಲಿಸಿದ. "ನೋಡಿ, ಡ್ರಮ್ಸ್ ಎಲ್ಲರನ್ನೂ ಹೇಗೆ ದಾರಿ ತಪ್ಪಿಸ್ತು. ಪಾಪ, ನಮ್ಮ ಸಾರ್ ಹೇಗೋ ಸಂಭಾಳಿಸಿದಾರೆ. ಅಲ್ವಾ ಸಾರ್?" ಎಂದ. ಸಭೆ ನಕ್ಕಿತು. ನಾನು — ಐವತ್ತೈದು ವರ್ಷದ ಮನುಷ್ಯ, ಮೊಮ್ಮಗಳಿರುವವನು — ಕೈ ಮುಗಿದು ಮುಗುಳ್ನಕ್ಕೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವಳು ನೆಲವನ್ನಷ್ಟೇ ಬೈದಳು. ನಾನು ನನ್ನನ್ನು ಹೊತ್ತು ನಿಂತ ನೆಲಕ್ಕೆ ಎರಡನೆಯ ಸಲ ಉಗುಳಿದೆ. ಆ ಉಪನ್ಯಾಸಕನ ಮೇಲೆ ಕೋಪ ಉಕ್ಕಿ ಬಂತು. ಆಮೇಲೆ ಅನ್ನಿಸಿತು, ಇವನಿಗೆ ಈ ಪಾಠ ಕಲಿಸಿದವರು ಯಾರು? ನಾವೇ.

ಮರುದಿನ ಮಲ್ಲೇಶ್ವರಕ್ಕೆ ಹೋದೆ. ಮೇಷ್ಟ್ರಿಗೆ ಈಗ ತೊಂಬತ್ತರ ಹತ್ತಿರ. ಕಣ್ಣು ಮಂಜು, ಬುದ್ಧಿ ಚುರುಕು. ಕಾಲಿಗೆ ಬಿದ್ದು, "ಅವತ್ತು ತಾಳ ಬಿಟ್ಟಿದ್ದು ನಾನು ಸಾರ್" ಎಂದೆ.

"ಗೊತ್ತಿತ್ತು ಕಣೋ. ಎರಡನೇ ಸಲ ಎತ್ಕೊಳ್ಳುವಾಗ ಅರ್ಧ ನುಂಗಿದೆ. ನನ್ನ ಕೈ ಸುಳ್ಳು ಹೇಳುತ್ತಾ?"

ನಾನು ಕಾಲ ಬಳಿಯಿಂದ ಎದ್ದು ಕೂತೆ. "ಮತ್ತೆ ಯಾಕೆ ಸಾರ್ ಕೇಳಿದ್ರಿ, ಯಾರು ಬಿಟ್ಟಿದ್ದು ಅಂತ?"

"ಅಷ್ಟು ಜನರ ಎದುರಿಗೆ ನನ್ನ ಶಿಷ್ಯನೇ ಬಿಟ್ಟ ಅಂತ ಹೇಳಕ್ಕಾಗುತ್ತಾ? ನಿಂಗೊಂದು ದಾರಿ ಮಾಡಿಕೊಟ್ಟೆ. ಆ ಹುಡುಗಂದು ಬೇರೆ ಸಂಗೀತ. ಅವನಿಗೇನು ನಷ್ಟ?"

ಅವನಿಗೇನು ನಷ್ಟ. ಮೇಷ್ಟ್ರು ನನಗೆ ವಿದ್ಯೆ ಕೊಟ್ಟವರು, ಆ ಋಣ ತೀರುವಂಥದ್ದಲ್ಲ. ಆದರೆ ಅಂದು ಅವರ ಮನೆಯ ಮೆಟ್ಟಿಲು ಇಳಿಯುವಾಗ ಮೈಯೆಲ್ಲ ಉರಿಯುತ್ತಿತ್ತು. ತೊಡೆಯ ಮೇಲೆ ಕೈ ಹಾಕಿ ಅರ್ಧ ಎಣಿಕೆಯ ತಪ್ಪನ್ನು ಇಪ್ಪತ್ತೆರಡು ವರ್ಷ ನೆನಪಿಟ್ಟುಕೊಳ್ಳುವ ಜನ ನಾವು. ನಮ್ಮವನಲ್ಲದವನ ಮರ್ಯಾದೆ ಮಾತ್ರ ನಮ್ಮ ಯಾವ ಎಣಿಕೆಗೂ ಬರುವುದಿಲ್ಲ. ನಮ್ಮ ಲಯಶುದ್ಧಿಗೆ ಬೆಂಕಿ ಬೀಳಲಿ ಎಂದು ಬಾಯಿಬಿಟ್ಟು ಅಂದೆ. ಹೂ ಮಾರುವ ಹೆಂಗಸು ತಿರುಗಿ ನೋಡಿದಳು. ಆದರೆ ಮೇಷ್ಟ್ರು ತೋರಿಸಿದ್ದು ದಾರಿ ಮಾತ್ರ. ನಡೆದವನು ನಾನು.

ಅಲ್ಲಿಂದ ನೇರ ಶಿವುವಿನ ಮನೆಗೆ. ಅವನು ವರಾಂಡದಲ್ಲಿ ಕೂತು ಹೊಸ ಚರ್ಮ ಹಾಕಿದ ಡ್ರಮ್ಮಿನ ಅಂಚನ್ನು ತಟ್ಟಿ ತಟ್ಟಿ ಶ್ರುತಿ ನೋಡುತ್ತಿದ್ದ. ಎಲ್ಲವನ್ನೂ ಹೇಳಿದೆ. ಉಪನ್ಯಾಸದ್ದು, ಮುಗುಳ್ನಕ್ಕಿದ್ದು, ಮೇಷ್ಟ್ರ ಮಾತು. ಬಿರುದು ಹಿಂದಿರುಗಿಸಿ ಸಭೆಗೆ ಪತ್ರ ಬರೆಯುತ್ತೇನೆ, ಇದನ್ನೆಲ್ಲ ಅಚ್ಚಿಗೆ ಕೊಡುತ್ತೇನೆ ಎಂದೂ ಹೇಳಿದೆ. ಅವನು ತಟ್ಟುವುದನ್ನು ನಿಲ್ಲಿಸಲಿಲ್ಲ.

"ಯಾಕೆ ಒಪ್ಕೊಂಡೆ ಶಿವು ಅವತ್ತು?" ಎಂದು ಕೇಳಿದೆ.

"ನೀನು ನಡುಗ್ತಾ ಇದ್ದೆ ಗುರು" ಎಂದ. ಡ್ರಮ್ಮನ್ನು ಒಂದಿಷ್ಟು ತಿರುಗಿಸಿ ಮತ್ತೆ ತಟ್ಟುತ್ತಾ, "ನನಗೆ ಹೇಳೋದೇನಿದೆ, ನಾನು ಅಲ್ಲೇ ಇದ್ನಲ್ಲ. ಅಪ್ಪನಿಗೆ ಹೇಳ್ಬೇಕಿತ್ತು. ಅಮ್ಮ ಒಳಗಿದಾರೆ, ಅವರಿಗೆ ಹೇಳು ಹೋಗು" ಎಂದ.

ಶಿವುವಿನ ತಾಯಿ ನಡುಮನೆಯಲ್ಲಿ ಕುರ್ಚಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. "ಬಾಪ್ಪ ಮುರಳಿ, ಎಷ್ಟು ವರ್ಷ ಆಯ್ತು" ಎಂದರು. ನೆಲದ ಮೇಲೆ ಕೂತು ಹೇಳಿದೆ. ಕೇಳುತ್ತಾ ಕೇಳುತ್ತಾ ಅವರು ಸುಲಿಯುವುದು ನಿಧಾನವಾಯಿತು, ನಿಂತಿತು.

"ಇವರು ಅವತ್ತು ಮನೆಗೆ ಬಂದು, ಪಂಚೆನೂ ಬದಲಾಯಿಸ್ದೆ ಕೂತ್ಬಿಟ್ರು" ಎಂದರು. "ನನ್ನ ಕೇಳಿದ್ರು — ನನಗೇನೋ ನಮ್ಮ ಹುಡುಗ ಚೆನ್ನಾಗೇ ನುಡಿಸ್ದ ಅನ್ನಿಸ್ತು ಕಣೆ, ಮೈ ಜುಮ್ಮಂತು, ಆದ್ರೆ ದೊಡ್ಡೋರು ಹಂಗಂತಾರೆ, ತಪ್ಪು ನಿಜವಾಗ್ಲೂ ಅವನದೇನಾ ಅಂತ. ನಾನು ಶಿವುನ ಕೇಳ್ದೆ. ಅವನು ಹೂಂ ಅಂದ. ನಾನು ಹೋಗಿ ಇವರಿಗೆ, ಹೌದಂತೆ ರೀ, ಅವನೇ ಒಪ್ಕೊಂಡ ಅಂದೆ. ಆಮೇಲೆ ಯಾವತ್ತೂ ಕೇಳ್ಲಿಲ್ಲ ಅವರು."

ಮಡಿಲಲ್ಲಿದ್ದ ಕಾಯಿಗಳನ್ನು ನೋಡುತ್ತಾ ಅವರು ಮೆಲ್ಲಗೆ ಅಂದರು, "ನಾನು ಹಂಗೆ ಹೇಳ್ಬಾರದಿತ್ತು ನೋಡು. ತಪ್ಪು ಮಾಡ್ಬಿಟ್ಟೆ."

ಮಗ ಹೊತ್ತದ್ದು ಸಾಲದೆಂದು ನನ್ನ ಪಾಪಕ್ಕೆ ಆ ಮನೆಯಲ್ಲಿ ಇನ್ನೊಂದು ತಲೆ ಬಾಗುತ್ತಿತ್ತು. ನನಗೆ ತಡೆದುಕೊಳ್ಳಲಾಗಲಿಲ್ಲ. "ಇಲ್ಲಮ್ಮ, ನಿಮ್ಮದಲ್ಲ. ನಂದು" ಎಂದೆ.

ಹೇಳಲು ಒಂದು ಉಸಿರು ಸಾಕಾಯಿತು.