ಬಾಯಾರ ಅಂಗಡಿಯ ಸ್ಟೂಲು

ಏಳನೇ ಇಯತ್ತೆಯ ನಡುವೆ ನಾನು ಶಾಲೆ ಬಿಟ್ಟದ್ದು 1995ರಲ್ಲಿ. ಬಿಟ್ಟದ್ದಕ್ಕೆ ನಾಚಿಕೆಪಟ್ಟವನಲ್ಲ. ಯಾದಗಿರಿ ಕಡೆಯಿಂದ ಹೈದರಾಬಾದಿಗೆ ಬಂದು ಈ ಕೈಯಿಂದಲೇ ದುಡಿದು ಉಂಡಿದ್ದೇನೆ. ನಾನು ಕೂರಿಸಿದ ಹಾಸುಗಲ್ಲಿನ ಮೇಲೆ ನೀರು ಸುರಿದರೆ ಅದು ನಾನು ಹೇಳಿದ ಕಡೆಗೇ ಹರಿಯುತ್ತದೆ.

ಕಳೆದ ವಾರ ಕೊಂಡಾಪುರದಲ್ಲಿ ಎಂಜಿನಿಯರ್ ಹುಡುಗ ನನ್ನ ಹಳೆಯ ಕೆಲಸದ ಫೋಟೊ ಕೇಳಿದ. ಸಾಮಾನಿನ ಪೆಟ್ಟಿಗೆಯ ತಳದಲ್ಲಿ ಪೆನ್‌ಡ್ರೈವ್ ಸಿಕ್ಕಿತು; ಸಿಮೆಂಟಿನ ಧೂಳು ಹಿಡಿದಿತ್ತು, ನಾನು ಕಟ್ಟಿದ ನೀಲಿ ದಾರ ಹಾಗೇ ಇತ್ತು. ಅವನು ಲ್ಯಾಪ್‌ಟಾಪಿಗೆ ಸಿಕ್ಕಿಸಿದ, ನೋಡಿದ, ಸರಕ್ಕನೆ ಕಿತ್ತ.

"ಹಂಗ ಕೀಳಬ್ಯಾಡ್ರಿ ಸರ!" ಎಂದು ಕೂಗಿಬಿಟ್ಟೆ.

"ಏಂ ಕಾದು ಮೇಸ್ತ್ರಿ," ಏನೂ ಆಗುವುದಿಲ್ಲ ಎಂದು ತೆಲುಗಿನಲ್ಲಿ ನಕ್ಕ. ನಿಜ, ಏನೂ ಆಗಲಿಲ್ಲ. ನನಗೆ ಮಾತ್ರ ಜೀಡಿಮೆಟ್ಲಾದ ಆ ಮೆಟ್ಟಿಲ ಕೆಳಗಿನ ಅಂಗಡಿ...

ಅದನ್ನು ನಡೆಸುತ್ತಿದ್ದವರು ಬೀದರಿನ ಕಡೆಯ ಹೆಣ್ಣುಮಗಳು. ಮೊದಲು ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು, ಹಾಗಾಗಿ ನಮ್ಮ ಕಡೆ ಟೀಚರಮ್ಮನನ್ನು ಕರೆಯುವಂತೆ ನಾವೆಲ್ಲ ಅವರನ್ನು ಬಾಯಾರು ಎನ್ನುತ್ತಿದ್ದೆವು. ಗಂಡ ತೀರಿಕೊಂಡ ಮೇಲೆ ಒಂದು ಹಳೆಯ ಕಂಪ್ಯೂಟರ್ ಇಟ್ಟುಕೊಂಡು ಕೂತರು. ಅದರಲ್ಲಿದ್ದದ್ದು ಪುಕ್ಕಟೆ ಸಿಗುವ ಲಿನಕ್ಸ್ ಎಂಬ ತಂತ್ರಾಂಶ. ಕೂಲಿಯವರು ಹಾಡು ತುಂಬಿಸಲು, ಮೊಬೈಲಿನ ಫೋಟೊ ಪೆನ್‌ಡ್ರೈವಿಗೆ ಹಾಕಿಸಲು ಬರುತ್ತಿದ್ದರು. ನಾನು ಮುಗಿಸಿದ ನೆಲಗಳ ಫೋಟೊ ಹಾಕಿಸುತ್ತಿದ್ದೆ.

ಮೊದಮೊದಲು ಪೆನ್‌ಡ್ರೈವ್ ಸಿಕ್ಕಿಸಿದರೆ ತೆರೆಯ ಮೇಲೆ ಏನೂ ಕಾಣುತ್ತಿರಲಿಲ್ಲ.

"ಹಾಕಿದ ಕೂಡ್ಲೆ ಕಾಣಾಕ ಅದೇನ್ ಬಲ್ಬೇನ್ರಿ ಮೇಸ್ತ್ರಿ? ಬಂದೋರನ್ನ ಒಳಗ ಬರ್ರಿ ಅನ್ನಬೇಕು," ಎನ್ನುತ್ತಾ ಕರಿ ಪರದೆಯಲ್ಲಿ ಏನೋ ಸಾಲು ಹೊಡೆಯುತ್ತಿದ್ದರು. ಅದು ಅವರೊಬ್ಬರಿಗೇ ಬರುತ್ತಿತ್ತು. ಪಾಳಿ ಬರುವವರೆಗೆ ನಾನು ಸ್ಟೂಲಿನ ಮೇಲೆ ಕೂತಿರುತ್ತಿದ್ದೆ. ಕಾರ್ಖಾನೆಗಳ ಔಷಧದ ವಾಸನೆ, ಪಕ್ಕದ ಚಹಾ, ಅವರ ಮಾತು... ಇಡೀ ದಿನದಲ್ಲಿ ನಾನು ಕಾಯುತ್ತಿದ್ದದ್ದು ಆ ಕಾಯುವ ಹೊತ್ತಿಗೇ. ನನಗಾಗ ಮೂವತ್ತು, ಮದುವೆಯಾಗಿರಲಿಲ್ಲ. ಅವರನ್ನು ಒಂದು ಮಾತು ಕೇಳಬೇಕೆಂದಿದ್ದೆ. ದಿನಗೂಲಿಯವನಾಗಿ ಕೇಳಬಾರದು, ಸ್ವಂತ ಗುತ್ತಿಗೆ ಹಿಡಿದ ಮೇಲೆಯೇ ಎಂದು ಹಟವಿತ್ತು.

ಒಂದು ಸಂಜೆ ಬಣ್ಣ ಬಳಿಯುವವನೊಬ್ಬ, ಫೋಟೊ ಇನ್ನೂ ಇಳಿಯುತ್ತಿರುವಾಗಲೇ ಅವಸರಕ್ಕೆ ಪೆನ್‌ಡ್ರೈವ್ ಕಿತ್ತ. ಅದರಲ್ಲಿದ್ದ ಮಗಳ ತೊಟ್ಟಿಲ ಕಾರ್ಯದ ಫೋಟೊಗಳೆಲ್ಲ ಹೋದವು. ಅದನ್ನು ಅಂಗಿಗೆ ಒರೆಸಿ ಮತ್ತೆ ಮತ್ತೆ ಸಿಕ್ಕಿಸಿ ನೋಡಿದ.

"ತಪ್ಪು ನಿಂದಲ್ಲಪಾ," ಎಂದರು ಬಾಯಾರು. "ತಡಿ ಅಂತ ಇದು ನಿಂಗ ಹೇಳಬೇಕಿತ್ತು, ಹೇಳಲಿಲ್ಲ."

ಅಂದಿನಿಂದ ಗಿರಾಕಿ ಇಲ್ಲದ ಹೊತ್ತೆಲ್ಲ ಬಾಯಾರಿಗೆ ಅದೇ ಧ್ಯಾನ, ಕರಿ ಪರದೆಯಲ್ಲಿ ಏನೇನೋ ಬರೆಯುತ್ತಿದ್ದರು. ಕಡೆಗೊಂದು ದಿನ ನನ್ನ ಪೆನ್‌ಡ್ರೈವನ್ನು ನನ್ನ ಕೈಯಿಂದಲೇ ಸಿಕ್ಕಿಸಲು ಹೇಳಿದರು. ತೆರೆಯ ಮೇಲೆ ತಾನಾಗಿ ಒಂದು ಕರಣೆಯ ಚಿತ್ರ ಮೂಡಿತು! ಒಬ್ಬೊಬ್ಬರ ಪೆನ್‌ಡ್ರೈವಿಗೂ ಒಂದೊಂದು ಗುರುತು ಇಟ್ಟಿದ್ದರು: ಗಾರೆಯವನಿಗೆ ಕರಣೆ, ಬಣ್ಣದವನಿಗೆ ಕುಂಚ. ಓದು ಬಾರದವರಿಗೂ ತಮ್ಮದು ಯಾವುದೆಂದು ಗೊತ್ತಾಗಬೇಕಲ್ಲ. ಚಿತ್ರದ ಕೆಳಗೆ ಒಂದು ಗುಂಡಿ: 'ಹೋಗಿ ಬರ್ತೀನಿ'.

"ಮಂದಿ ಮನಿಯಿಂದ ಹೇಳದ ಎದ್ದು ಹೋಗ್ತೀರೇನ್ರಿ? ಇಲ್ಲೂ ಹಂಗ. ಇದನ್ನ ಒತ್ರಿ, ಚಿತ್ರ ಹೋಗೂತನಕ ನಿಂದರ್ರಿ, ಆಮ್ಯಾಲೆ ಕೀಳ್ರಿ."

ಆಮೇಲೆ ಯಾರ ಫೋಟೊವೂ ಹೋಗಲಿಲ್ಲ. ಪಾಳಿಯೂ ಇಲ್ಲವಾಯಿತು. ಬಂದವರು ತಾವೇ ಹಾಕಿ, ತಾವೇ ತೆಗೆದುಕೊಂಡು ಹೋದರು. ಎಲ್ಲರಿಗೂ ಸುಲಭವಾಯಿತು, ನನಗೆ ಕೂರಲು ನೆಪವಿಲ್ಲದಾಯಿತು. ಕೆಲಸವಿಲ್ಲದೆ ಹೆಣ್ಣುಮಗಳೊಬ್ಬರ ಅಂಗಡಿಯಲ್ಲಿ ಕೂರುವ ಗಂಡಸು ನಾನಲ್ಲ.

"ಏನ್ರಿ, ವಿದ್ಯಾ ಕಲತ ಕೂಡ್ಲೆ ಗುರುವಿನ್ನ ಮರತ್ರಿ?" ಎಂದರು ಒಮ್ಮೆ.

"ಕೊಂಡಾಪುರದಾಗ ಭಾಳ ಕೆಲಸ ಐತ್ರಿ ಬಾಯಾರ."

"ಇರಲಿ ಬಿಡ್ರಿ. ಸ್ಟೂಲ್ ಅಲ್ಲೇ ಐತಿ."

ಆ ಮಾತನ್ನು ಎಷ್ಟು ಸಲ ತಿರುವಿ ಹಾಕಿದ್ದೇನೋ...

ಮಳೆಗಾಲ ಮುಗಿಯುವ ಹೊತ್ತಿಗೆ ನನಗೆ ಮೊದಲ ಗುತ್ತಿಗೆ ಸಿಕ್ಕಿತು. ಬೇಗಂ ಬಜಾರಿನಲ್ಲಿ ಹೊಸ ಅಂಗಿ ಕೊಂಡು ತೊಟ್ಟು, ಪೆನ್‌ಡ್ರೈವ್ ಜೇಬಿನಲ್ಲಿಟ್ಟುಕೊಂಡು ಹೋದೆ. ಬಾಯಾರ ಕುರ್ಚಿಯಲ್ಲಿ ಪಕ್ಕದ ಚಹಾದವನ ಹೆಂಡತಿ ಕೂತಿದ್ದಳು.

"ಬಾಯಾರಿಗೆ ಜ್ವರ ಬಂದು ದವಾಖಾನಿಗೆ ಹಾಕಿದ್ವಿ, ಅಣ್ಣಾರ. ಉಳೀಲಿಲ್ರಿ. ಎಂಟ್ ದಿನಾ ಆತು," ಎಂದಳು. "ನಂಗೇನೂ ಬರಂಗಿಲ್ರಿ. ಇದಾ ತಾನ ನಡ್ಯಾಕತ್ತೈತಿ."

ಏನು ಮಾಡಬೇಕೆಂದು ತಿಳಿಯದೆ ಪೆನ್‌ಡ್ರೈವ್ ಸಿಕ್ಕಿಸಿದೆ. ಕರಣೆ ಮೂಡಿತು, ಎಂದಿನ ಹಾಗೆಯೇ. ಅದರ ಕೆಳಗೆ ಅವರು ಬರೆದ ಮಾತು. ಒತ್ತಲು ಬೆರಳು ಬರಲಿಲ್ಲ. ಸ್ಟೂಲಿನ ಮೇಲೆ ಕೂತೇ ಇದ್ದೆ. ಹಿಂದೆ ಯಾರೋ "ಜಲ್ದಿ ಮುಗಸ್ರಿ" ಎಂದರು. ಒತ್ತಿದೆ. ಚಿತ್ರ ಹೋಗುವವರೆಗೆ ನಿಂತೆ.

ಮುಂದೆ ಆ ಅಂಗಡಿ ಮುಚ್ಚಿತು. ಕಂಪ್ಯೂಟರ್ ಗುಜರಿಗೆ ಹೋಯಿತು. ಸ್ಟೂಲನ್ನು ಚಹಾದವನು ಒಲೆಗೆ ಹಾಕುವುದರಲ್ಲಿದ್ದ, ಕೇಳಿ ತಂದೆ. ಎಂಜಿನಿಯರನ ಲ್ಯಾಪ್‌ಟಾಪಿನಲ್ಲಿ ಕರಣೆ ಮೂಡಲಿಲ್ಲ. ಅದು ಅವರ ಕಂಪ್ಯೂಟರಿನಲ್ಲಿ ಮಾತ್ರ ಇತ್ತು.

ಮದುವೆ ಆಗಲಿಲ್ಲ. ಈಗ ನನ್ನ ಬಳಿ ಇರುವುದು ಎರಡು ಕೋಣೆಯ ಮನೆ, ಹನ್ನೊಂದು ಮಂದಿ ಆಳು, ಒಂದು ಟೆಂಪೊ, ಒಂದು ಪೆನ್‌ಡ್ರೈವ್, ಒಂದು ಸ್ಟೂಲು.