ಅನಿತಾಳ ಲಾಗಿನ್‌ನಲ್ಲಿ ನಾಲ್ಕು ಅಸೈನ್‌ಮೆಂಟ್

ಬೆಳಿಗ್ಗೆ ಮೇಲ್ ತೆರೆದರೆ, ಅನಿತಾ ಅಸೈನ್‌ಮೆಂಟ್ ಸಲ್ಲಿಸಿದ್ದಾಳೆ ಎಂಬ ಸೂಚನೆ. ಅದರ ಕೆಳಗೆ ಮತ್ತೊಮ್ಮೆ ಅದೇ. ಒಟ್ಟು ನಾಲ್ಕು ಸಲ, ಎಲ್ಲವೂ ಅನಿತಾಳ ಹೆಸರಿನಲ್ಲೇ.

ಒಳಗೆ ಹೋಗಿ ನೋಡಿದೆ. ಇದ್ದದ್ದು ಒಂದೇ ಫೈಲ್, ಅದರ ಮೊದಲ ಸಾಲಿನಲ್ಲಿ ಭಾರತಿ ಎಂಬ ಹೆಸರು. ಅನಿತಾಳ ಜೊತೆ ಸಾದಲಿ ಕಡೆಯಿಂದ ಬರುವ ಉಳಿದ ಮೂವರದು, ಭಾರತಿಯದೂ ಸೇರಿ, ಏನೂ ಬಂದಿರಲಿಲ್ಲ.

ಇದು ಎರಡು ಸಾವಿರದ ದಶಕದ ಕೊನೆಯ ಮಾತು. ನಾನಾಗ ಶಿಡ್ಲಘಟ್ಟದ ಒಂದು ಡಿಗ್ರಿ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತಿದ್ದೆ. ಚಿಕ್ಕಬಳ್ಳಾಪುರದಿಂದ ದಿನಾ ಬಸ್ಸಿನಲ್ಲಿ ಓಡಾಟ.

ಲ್ಯಾಬಿನ ಸರ್ವರ್‌ನಲ್ಲಿ ಒಂದು ಓಪನ್ ಸೋರ್ಸ್ ಲರ್ನಿಂಗ್ ಸಾಫ್ಟ್‌ವೇರ್ ಹಾಕಿದ್ದೆ. ನೋಟ್ಸ್, ಕ್ವಿಜ್, ಅಸೈನ್‌ಮೆಂಟ್ ಎಲ್ಲಾ ಅದರಲ್ಲೇ. ಯಾರು ಬೇಕಾದರೂ ಬಳಸಬಹುದು, ಗೊತ್ತಿದ್ದವರು ತಿದ್ದಲೂಬಹುದು.

ಅದೇ ಹೊತ್ತಿಗೆ ಅದನ್ನು ಬರೆಯುವವರು ದೊಡ್ಡದೊಂದು ಹೊಸ ಆವೃತ್ತಿಗೆ ಪ್ಲಾನ್ ಮಾಡುತ್ತಿದ್ದರು. ಅವರ ಆನ್‌ಲೈನ್ ಫೋರಂನಲ್ಲಿ ಎಲ್ಲ ದೇಶದ ಮೇಷ್ಟ್ರುಗಳಿಗೂ ಒಂದೇ ಪ್ರಶ್ನೆ... ನಿಮ್ಮ ಕ್ಲಾಸಿನಲ್ಲಿ ಇದು ಎಲ್ಲಿ ಕೈಕೊಡುತ್ತದೆ?

ಒಬ್ಬರಿಗೆ ವಿಡಿಯೋ ಬೇಕು, ಇನ್ನೊಬ್ಬರಿಗೆ ಹೊಸ ಬಣ್ಣ ಬೇಕು. ನಾನು ದಿನಾ ಹೋಗಿ ಓದುತ್ತಿದ್ದೆ. ಬರೆಯಲು ನನ್ನ ಹತ್ತಿರ ಏನೂ ಇರಲಿಲ್ಲ.

ಆ ಬೆಳಿಗ್ಗೆ ನಮ್ಮ ವಿಭಾಗದ ಎಚ್‌ಒಡಿ ಸರ್ ನನ್ನ ಹಿಂದೆ ನಿಂತು ಆ ನಾಲ್ಕು ಸೂಚನೆಗಳನ್ನು ಸ್ಕ್ರೀನ್ ಮೇಲೆ ನೋಡಿದರು. “ಕಾಪಿ ಮೇಡಂ ಇದು. ನಾಲ್ಕೂ ಜನಕ್ಕೆ ಸೊನ್ನೆ ಹಾಕಿ.”

ಸೊನ್ನೆ ಎಂದರೆ ಇಂಟರ್ನಲ್ಸ್ ಹೋಯಿತು. ಇಂಟರ್ನಲ್ಸ್ ಹೋದರೆ ಆ ವರ್ಷ ಪರೀಕ್ಷೆಗೆ ಕೂರುವಂತಿಲ್ಲ. ಆಮೇಲೆ ಮನೆಯವರು ಮತ್ತೆ ಕಾಲೇಜಿಗೆ ಕಳಿಸುತ್ತಾರೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ.

ಆದರೂ ನನ್ನ ತಲೆಯಲ್ಲಿ ಬೇರೆಯೇ ಪ್ರಶ್ನೆ. ಕಾಪಿ ಮಾಡುವವರು ಒಂದೇ ಹೆಸರಿನಲ್ಲಿ ನಾಲ್ಕು ಸಲ ಕಳಿಸಿ ಸಿಕ್ಕಿಬೀಳುತ್ತಾರಾ? ಅಷ್ಟು ದಡ್ಡರಲ್ಲ ಇವರು.

ಅನಿತಾಳನ್ನು ಕರೆಸಿದೆ. ಅವಳ ಮುಖದಲ್ಲಿ ಭಯದ ಸುಳಿವೇ ಇಲ್ಲ.

“ಭಾರತಿ ಮನೇಲಿ ಹುಳ ಹಣ್ಣಾಗಿತ್ತು ಮ್ಯಾಮ್. ಉಳಿದೋರಿಬ್ರೂ ಅಲ್ಲಿಗೆ ಮುಯ್ಯಾಳಿಗೆ ಹೋಗಿದ್ರು. ನಾನು ಬಂದು ಎಲ್ಲಾರ್ದೂ ಹಾಕ್ದೆ.”

ರೇಷ್ಮೆ ಹುಳ ಹಣ್ಣಾದರೆ, ಅಂದರೆ ಗೂಡು ಕಟ್ಟಲು ಸಿದ್ಧವಾದರೆ, ಆಯ್ದು ಆಯ್ದು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ಅದು ನನ್ನ ಅಸೈನ್‌ಮೆಂಟಿನ ಕೊನೆಯ ದಿನಾಂಕ ನೋಡಿಕೊಂಡು ಹಣ್ಣಾಗುವುದಿಲ್ಲ.

ಮನೆಯವರ ಕೈ ಸಾಲುವುದಿಲ್ಲ, ಅಕ್ಕಪಕ್ಕದವರು ಬರುತ್ತಾರೆ. ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ಅದೇ ಮುಯ್ಯಾಳು. ಈ ಹುಡುಗಿಯರು ಅದನ್ನು ಕಾಲೇಜಿಗೂ ತಂದಿದ್ದರು. ಮೂವರು ಹುಳ ಆಯುತ್ತಿದ್ದರೆ ಒಬ್ಬಳು ಎಲ್ಲರ ಫೈಲಿದ್ದ ಪೆನ್‌ಡ್ರೈವ್ ಹಿಡಿದು ಬಸ್ ಹತ್ತಿದ್ದಳು.

“ಸರಿ ಕಣಮ್ಮ. ಅವರವರ ಲಾಗಿನ್‌ನಲ್ಲಿ ಹಾಕೋಕೆ ಏನಾಗಿತ್ತು?”

“ಪಾಸ್‌ವರ್ಡ್ ಯಾರಿಗೂ ಹೇಳ್ಬಾರ್ದು ಅಂತ ನೀವೇ ಹೇಳಿದ್ರಲ್ಲ ಮ್ಯಾಮ್. ಅವರು ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ.”

ನನ್ನ ಪಾಠ ಇಷ್ಟು ಚೆನ್ನಾಗಿ ತಲುಪಿದ್ದು ಅದೇ ಮೊದಲು...

ಪೆನ್‌ಡ್ರೈವ್‌ನಲ್ಲಿ ನಾಲ್ವರ ಫೈಲ್‌ಗಳೂ ಇದ್ದವು. ಸಾಫ್ಟ್‌ವೇರ್ ಮಾತ್ರ, ಒಬ್ಬ ವಿದ್ಯಾರ್ಥಿಗೆ ಒಂದೇ ಫೈಲ್ ಎಂದು ಹಿಂದಿನದನ್ನೆಲ್ಲ ಅಳಿಸಿ, ಕೊನೆಯದನ್ನಷ್ಟೇ ಇಟ್ಟುಕೊಂಡಿತ್ತು.

ಎಚ್‌ಒಡಿ ಸರ್ ನಗರಗೆರೆ ಕಡೆಯವರು. ಪೂರ್ತಿ ಕೇಳಿಸಿಕೊಂಡರು. “ನಮ್ಮಲ್ಲಿ ಕಡ್ಲೆಕಾಯಿ ಕೀಳೋವಾಗ್ಲೂ ಮುಯ್ಯಾಳು ಹೋಗ್ತಾರೆ. ಆದ್ರೆ ಹೊಲ ಬೇರೆ, ಪರೀಕ್ಷೆ ಬೇರೆ ಮೇಡಂ. ಬರೆದೋರು ಯಾರು ಅಂತ ನಂಗೆ ಗೊತ್ತಾಗ್ಬೇಕು.”

ನ್ಯಾಯವಾದ ಮಾತೇ.

ನಾಲ್ವರೂ ಕಾಲೇಜಿಗೆ ಬಂದ ದಿನ ಸರ್ ತಾವೇ ಕೂರಿಸಿಕೊಂಡು ಒಬ್ಬೊಬ್ಬರ ಪ್ರೋಗ್ರಾಂ ಬಗ್ಗೆ ಕೇಳಿದರು. ನಾನು ಬಾಗಿಲ ಹೊರಗೆ, ಪರೀಕ್ಷೆ ನನಗೇ ಎನ್ನುವ ಹಾಗೆ ಉಗುರು ಕಚ್ಚುತ್ತಾ ನಿಂತಿದ್ದೆ.

ಅನಿತಾ ಒಂದು ಕಡೆ ತಡವರಿಸಿದಳು. ಅವಳ ಪ್ರೋಗ್ರಾಂನಲ್ಲಿ ತಪ್ಪಿತ್ತು, ಆದರೆ ಅದು ಅವಳದೇ ಸ್ವಂತ ತಪ್ಪು, ಬೇರೆ ಯಾರ ಫೈಲಿನಲ್ಲೂ ಇರಲಿಲ್ಲ. ಅದನ್ನು ನೋಡಿ ಸರ್‌ಗೆ ನಗು ಬಂತು. ಯಾರಿಗೂ ಸೊನ್ನೆ ಬೀಳಲಿಲ್ಲ.

ಆ ಸಂಜೆ ನಾನು ಫೋರಂನಲ್ಲಿ ಮೊದಲ ಬಾರಿ ಬರೆದೆ. ಹುಳ ಹಣ್ಣಾಗುವುದನ್ನು ಇಂಗ್ಲಿಷಿನಲ್ಲಿ ಹೇಳುವಷ್ಟರಲ್ಲಿ ನಾನೇ ಹಣ್ಣಾಗಿದ್ದೆ. ಕೇಳಿದ್ದು ಇಷ್ಟೇ... ಒಬ್ಬರು ಬರೆದದ್ದನ್ನು ಇನ್ನೊಬ್ಬರು, ತಮ್ಮ ಲಾಗಿನ್‌ನಿಂದಲೇ, ಬರೆದವರ ಹೆಸರಿನಲ್ಲಿ ಸಲ್ಲಿಸಲು ಒಂದು ದಾರಿ ಬೇಕು.

ಇದು ಮೋಸಕ್ಕೆ ಬಾಗಿಲು ತೆರೆದಂತೆ ಎಂದು ಒಬ್ಬರು ಗದರಿದರು. ನಮ್ಮಲ್ಲಿ ಆಲಿವ್ ಕೀಳುವ ಕಾಲದಲ್ಲೂ ಹೀಗೇ ಆಗುತ್ತದೆ ಎಂದು ಯಾವುದೋ ದೇಶದ ಟೀಚರ್ ಬರೆದರು.

ಪ್ಲಾನ್ ನೋಡಿಕೊಳ್ಳುತ್ತಿದ್ದ ಡೆವಲಪರ್ ಮಾತ್ರ ಪರವೂ ಅಲ್ಲ, ವಿರೋಧವೂ ಅಲ್ಲ. ಹುಳ ಏನು ತಿನ್ನುತ್ತದೆ, ಯಾರ ಮನೆಗೆ ಯಾರು ಹೋಗಬೇಕೆಂದು ಯಾರು ತೀರ್ಮಾನಿಸುತ್ತಾರೆ ಎಂದು ಕೇಳುತ್ತಲೇ ಹೋದ. ಎರಡನೆಯದನ್ನು ಅನಿತಾಳಲ್ಲಿ ಕೇಳಿದರೆ, “ಅದೇನ್ ಮ್ಯಾಮ್ ತೀರ್ಮಾನ, ಗೊತ್ತಾಗುತ್ತಲ್ಲ” ಎಂದಳು. ಅದನ್ನೇ ಬರೆದು ಕಳಿಸಿದೆ.

ಹೊಸ ಆವೃತ್ತಿ ಬರುವಷ್ಟರಲ್ಲಿ ಆ ಹುಡುಗಿಯರ ಡಿಗ್ರಿ ಮುಗಿದಿತ್ತು. ನಾವು ಕೇಳಿದ್ದು ಅದರಲ್ಲಿತ್ತು. ಬರೆದವರ ಹೆಸರು ಮೇಲೆ, ತಂದು ಹಾಕಿದವರ ಹೆಸರು ಕೆಳಗೆ. ತುಂಬಾ ಖುಷಿಯಾಯಿತು, ಇದು ಆ ನಾಲ್ವರಿಗೆ ಸಿಗಲಿಲ್ಲವಲ್ಲ ಎಂದು ಬೇಜಾರೂ ಆಯಿತು.

ಮಾರ್ಕ್ಸ್ ಕಾರ್ಡ್ ತೆಗೆದುಕೊಳ್ಳಲು ಬಂದ ಅನಿತಾಳನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಎರಡು ಹೆಸರುಗಳ ಮೇಲೂ ಬೆರಳಿಟ್ಟು ನೋಡಿದಳು.

“ಚೆನ್ನಾಗೈತೆ ಮ್ಯಾಮ್. ಯಾರು ಯಾರಿಗೆ ಮುಯ್ಯಿ ತೀರಿಸ್ಬೇಕು ಅನ್ನೋದು ಇದ್ರಲ್ಲಿ ಎಲ್ಲಿ ಕಾಣ್ಸುತ್ತೆ? ಭಾರತಿ ನಂಗಿನ್ನೂ ಬಾಕಿ ಅವ್ಳೆ.”

ಅವಳು ಹೋದ ಮೇಲೆ ಫೋರಂ ತೆರೆದು ಆ ಪ್ರಶ್ನೆಯನ್ನು ಅರ್ಧ ಟೈಪ್ ಮಾಡಿ ಅಳಿಸಿದೆ.

ಇವತ್ತಿಗೂ ಯೋಚಿಸುತ್ತೇನೆ... ಅದನ್ನೂ ಸಾಫ್ಟ್‌ವೇರೇ ನೆನಪಿಟ್ಟುಕೊಳ್ಳಬೇಕಿತ್ತಾ, ಇಲ್ಲಾ ಅನಿತಾ ಮತ್ತು ಭಾರತಿಗೇ ಬಿಟ್ಟದ್ದು ಒಳ್ಳೆಯದಾಯಿತಾ? ನೀವಾಗಿದ್ದರೆ ಆ ಪ್ರಶ್ನೆ ಕಳಿಸುತ್ತಿದ್ದಿರಾ?